ಬಾಲವಿಲ್ಲದ್ದು

ಬಾಲಕ್ಕೆ ಇಷ್ಟು ಅಂತ ತಾಯಪ್ಪನ ಕೂಲಿ.
ಸಂಜೆ ಬದುವಿನ ಮೇಲೆ ಹೆಗ್ಗಣದ ಬಾಲ ಸಾಲಾಗಿಟ್ಟು
ಕ್ಯಾಂಪಿನ ಗುಮಾಸ್ತನ ಮುಂದೆ ಎಣಿಸುತ್ತಾನೆ:
ಹದಿನೇಳು. ಒಂದು ಅರ್ಧ ತುಂಡಾದದ್ದು, ಅದೂ ಲೆಕ್ಕ.
ಜೇಕಿಗೆ ಬಾಲವಿಲ್ಲ.
ಅದಕ್ಕೇ ನನಗೆ ದಿನಗೂಲಿ.

ಕಾರಟಗಿ ದಾಟಿ ಉಪಕಾಲುವೆ ಬಾಗುವಲ್ಲಿ
ಸೋನಾಮಸೂರಿ ಗದ್ದೆಗಳ ಬದು ಹಿಡಿದು
ಹನ್ನೊಂದು ವರ್ಷದಿಂದ ಬಗ್ಗಿದ್ದೇನೆ.
ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತು:
ಗರಿಕೆಯ ದಂಟು ತಿರುವಿದರೆ ಉರುಳುತ್ತದೆ,
ಜೇಕಿನದು ಉರುಳುವುದಿಲ್ಲ. ಮೂರು ಅಂಚು.
ಮಾತು ಬಿಟ್ಟ ನೆಗೆಣ್ಣಿಯ ಹಾಗೆ ಸೆಟೆದು ನಿಲ್ಲುತ್ತದೆ.

"ನಂದು ಓಡ್ತೈತಿ, ನಿಂದು ಓಡೂದಿಲ್ಲ, ಆರಾಮ ನಿಂಗ"
ಅಂತಾನೆ ತಾಯಪ್ಪ, ಹೊಗೆಗಡಿಗೆ ಊದುತ್ತ, ಕೆಮ್ಮುತ್ತ.
ಓಡೂದಿಲ್ಲ ಅಂತ ಅವನಿಗೆ ಹೇಳಿದವರು ಯಾರು?
ಒಂದು ಗಡ್ಡೆ ಕಿತ್ತರೆ ಎಳೆ ಹಿಡಿದು ಇನ್ನೊಂದು,
ಅದರಾಚೆ ಮತ್ತೊಂದು, ಕರಿಮಣಿ ಸರ ಹರಿದು ಚೆಲ್ಲಿದ ಹಾಗೆ.
ಎಲ್ಲ ಆರಿಸಿದೆ ಅಂದುಕೊಂಡ ಮೂರನೇ ದಿನ
ಬದುವಿನ ಆ ಮಗ್ಗುಲಲ್ಲಿ ಹಸಿರು ಮೂತಿ.
ಹೆಗ್ಗಣ ಹೆರುವಷ್ಟರಲ್ಲಿ
ಇದು ಮೊಮ್ಮಕ್ಕಳನ್ನು ಕಂಡಿರುತ್ತದೆ.

ಕೊಯ್ಲಿನ ಮರುದಿನ ಬಿಲ ಅಗೆಯಲು ಕರೆದ.
ಸಣ್ಣದೊಂದು ಹಗೇವು ಒಳಗೆ:
ಕತ್ತರಿಸಿದ ತೆನೆ, ತಲೆ ಒಂದೇ ಕಡೆ ಮಾಡಿ ಪೇರಿಸಿದ್ದು,
ಎರಡು ಸೇರಾದರೂ ಆದೀತು.
ಬಿಲದ ಭತ್ತ ಅಗೆದವರಿಗೆ, ಅದು ರೂಢಿ.
ಅದರ ಕೆಳಗೆ ಇನ್ನೊಂದು ಗೂಡು, ತುಂಬ ಜೇಕಿನ ಗಡ್ಡೆ,
ಬೇರಿನ ಕೂದಲು ಕಡಿದು ಬೋಳಿಸಿದ್ದು, ಚೂರೂ ಮಣ್ಣಿಲ್ಲ.
ಇಷ್ಟು ಹಸನಾಗಿ ನಾನೂ ಎಂದೂ ಆರಿಸಿಲ್ಲ.
"ನಿನ್ನ ಕೂಲಿ ಕದಿಯಾಕಿ ಇಕಿನ ನೋಡು" ಎಂದು ನಕ್ಕ.

ಅಷ್ಟು ಅಗೆದರೂ ಬಿಲದ ಚಾವಣಿ ಕುಸಿದಿರಲಿಲ್ಲ.
ಕೈ ಆಡಿಸಿ ನೋಡಿದೆ. ಬೇರು.
ಜೇಕಿನ ಬೇರೇ, ತೊಲೆ ಜಂತಿ ಹಾಕಿದಂತೆ.

ಒಂದು ಗಡ್ಡೆಯನ್ನು ಉಗುರಲ್ಲಿ ಒಡೆದೆ.
ಅವ್ವ ಸೀಗೆಪುಡಿಗೆ ಕುಟ್ಟುತ್ತಿದ್ದ ಘಮ,
ಹೆಗ್ಗಣದ ಉಚ್ಚೆಯ ನಾತದ ನಡುವೆ.
ಯಾವುದು ಯಾರದೆಂದು ಮೂಗಿಗೂ ಒಂದು ಗಳಿಗೆ ತಿಳಿಯಲಿಲ್ಲ.

ಆ ಬಿಲಕ್ಕೆ ಒಂದೇ ಬಾಲ. ಹೊಟ್ಟೆ ತುಂಬಿದ ಹೆಣ್ಣು.
ಒಳಗಿನವಕ್ಕೆ ಗುಮಾಸ್ತ ದುಡ್ಡು ಕೊಡಲಿಲ್ಲ,
ತಾಯಪ್ಪ ಕೇಳಲೂ ಇಲ್ಲ.
"ಉಡಿಯಾಗ ಏನದು?" ಎಂದ ನನ್ನ ಕಡೆ ತಿರುಗಿ.
ಭತ್ತ ಅಂದೆ.

ಮನೆಯ ದಾರಿಯಲ್ಲಿ ಸೆರಗಿನ ತೂತಿನಿಂದ
ಬದುವಿನ ಮೇಲೆ ಒಂದೆರಡು ಗಡ್ಡೆ ಬಿದ್ದವು.
ಸದ್ದು ಕೇಳಿಸಿತು.
ಬಗ್ಗಲಿಲ್ಲ.