ಹೆಜ್ಜಾರ್ಲೆಯ ಕಣ್ಣಲ್ಲಿ ಯಾರು

ಗುರುವಾರ ಸಂಜೆ, ಕೆರ್ಕಿನಿ ಸರೋವರದ ದಂಡೆ,
ಲಾಜರೋಸನ ಕಾಫಿ ಅಂಗಡಿಯ ಹಿಂಬದಿ ಕೋಣೆ.
ಎಮ್ಮೆ ಮೊಸರಿನ ಡಬ್ಬಗಳನ್ನು ಪಕ್ಕಕ್ಕೆ ಸರಿಸಿ
ಸುಣ್ಣದ ಗೋಡೆಗೆ ಬೆಳಕು ಬಿಡುತ್ತೇವೆ.
ನಾವು ಐದು ಜನ. ಒಬ್ಬ ಸದಾ ತಡ.
ನಿಯಮ ಒಂದೇ: ಉಳಿದವರ ಮಾತು ಮುಗಿಯುವ ತನಕ
ಚಿತ್ರ ತೆಗೆದವರು ತುಟಿ ಬಿಚ್ಚುವಂತಿಲ್ಲ.

ಮೊದಲ ಚಳಿಗಾಲ ಮೈಯೆಲ್ಲ ಮುಳ್ಳು.
"ತಲೆ ಇದೆ, ಕಾಲೆಲ್ಲಿ?" ಅಂದಳು ಎವಾಂಥಿಯಾ,
ಹೈಸ್ಕೂಲಿನಲ್ಲಿ ಗಣಿತ ಹೇಳುವವಳು,
ಬಕದ ಪಾದವನ್ನು ನಾನು ಅಂಚಿಗೆ ಬಲಿಕೊಟ್ಟಿದ್ದಕ್ಕೆ.
"ಈ ದಿಗಂತ ಕುಡಿದಿದೆಯಾ?" ಅಂದವನು ಪಾಸ್ಖಾಲಿಸ್,
ರೈಲ್ವೆ ಸಿಗ್ನಲ್ಲು ನೋಡಿ ನೋಡಿ ನಿವೃತ್ತನಾದವನು;
ಕೂದಲೆಳೆ ಓರೆಯಾದರೂ ಅವನಿಗೆ ಹಳಿ ತಪ್ಪಿದಂತೆ.
"ಬಿಳಿ ಸುಟ್ಟುಹೋಗಿದೆ. ಗರಿಯೆಲ್ಲಿ? ಇದು ಹಿಟ್ಟಿನ ಚೀಲ."

ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.
ಮರುದಿನ ಕ್ಯಾಮೆರಾವನ್ನು ಒಂದೂವರೆ ಮೆಟ್ಟಿಲು
ಕತ್ತಲಿಗೆ ಇಳಿಸಿ ನೋಡಿದೆ:
ಬಿಳಿಯೊಳಗೇ ಎಷ್ಟೊಂದು ಬೂದಿ, ಎಷ್ಟು ಕೆನೆ,
ಕತ್ತಿನ ಹಿಂದೆ, ನಿದ್ದೆಯಿಂದೆದ್ದ ಮುದುಕನ
ಕೆದರಿದ ಗುಂಗುರು.

ನನ್ನ ಕಸುಬು ಕನ್ನಡಕ.
ಸಿದಿರೋಕಾಸ್ಟ್ರೋದ ಪೇಟೆಬೀದಿಯಲ್ಲಿ ಅಂಗಡಿ.
"ಇದು ಸ್ಪಷ್ಟವೋ, ಮೊದಲಿನದು ಸ್ಪಷ್ಟವೋ?" ಎಂದು
ದಿನವಿಡೀ ಊರನ್ನು ಕೇಳುತ್ತೇನೆ.
ನನ್ನನ್ನು ಯಾರೂ ಕೇಳಿರಲಿಲ್ಲ.

ಈ ಸಲ ಜನವರಿಯ ಕೊನೆಗೆ,
ಹೆಜ್ಜಾರ್ಲೆಗಳ ಗಂಟಲಚೀಲ ಕಿತ್ತಳೆಯಿಂದ ಕೆಂಪಿಗೆ ತಿರುಗುವಾಗ,
ಸ್ಟೆರ್ಗಿಯೋಸನ ದೋಣಿಗೆ ನಲವತ್ತು ಯೂರೋ ಎಣಿಸಿದೆ.
ಅವನು ಮೀನೆಸೆದ. ಅವು ಬಂದವು,
ಒದ್ದೆ ಕಂಬಳಿ ಕೊಡವಿದಂತೆ ಗಾಳಿಯನ್ನು ಕೊಡವುತ್ತ,
ಕೊಕ್ಕು ಬಿಚ್ಚಿ, ಲೆನ್ಸಿಗೆ ಮಾರುದೂರ.
ಆ ಚಿತ್ರ! ಒಂದೊಂದು ಗರಿಯನ್ನೂ ಎಣಿಸಬಹುದು.
ಗುರುವಾರಕ್ಕೆ ಹೊಸ ಕೋಟು ತೊಟ್ಟು ಹೋದೆ.

ಗೋಡೆ ತುಂಬ ಹಕ್ಕಿ. ಯಾರೂ ಮಾತಾಡಲಿಲ್ಲ.
ಎವಾಂಥಿಯಾ "ಹೂಂ" ಅಂದಳು,
ಅವಳ ಲೆಕ್ಕದಲ್ಲಿ ಅದು ನೂರಕ್ಕೆ ತೊಂಬತ್ತು.
ಆಗ ಪಾಸ್ಖಾಲಿಸ್ ಎದ್ದು ಗೋಡೆಯ ಬಳಿ ಹೋದ,
ಅವನ ನೆರಳು ಅರ್ಧ ರೆಕ್ಕೆ ನುಂಗಿತು.
ಕಣ್ಣಿನ ಮೇಲೆ ಬೆರಳಿಟ್ಟ. "ದೊಡ್ಡದು ಮಾಡು."
ಮಾಡಿದೆ. "ಇನ್ನೂ."

ಕರಿಪಾಪೆಯಲ್ಲಿ, ಸಾಸಿವೆ ಕಾಳಿನಷ್ಟು,
ಬಾಗಿದ ಒಂದು ದೋಣಿ,
ಎತ್ತಿದ ತೋಳು, ನೀಲಿ ಬಕೆಟ್ಟು,
ಪಕ್ಕದಲ್ಲಿ ಮುಖವಿರಬೇಕಾದಲ್ಲಿ
ಕಪ್ಪು ಕೊಳವೆಯೊಂದನ್ನು ಹೊತ್ತು ನಿಂತ ನಾನು.

"ಅದು ನೋಡುತ್ತಿರುವುದು ಬಕೆಟ್ಟನ್ನು," ಅಂದ.
ಬೈಗುಳವಲ್ಲ, ರೈಲು ಬರುವ ಹೊತ್ತು ಹೇಳುವ ದನಿ.
"ಚಿತ್ರ ಚೆನ್ನಾಗಿದೆ. ಯಾರ ಚಿತ್ರ ಇದು?"

ಈಗ ನಾನು ಮಾತಾಡಬಹುದಿತ್ತು, ನಿಯಮವಿತ್ತು.
ಮಾತಾಡಲಿಲ್ಲ. ಕೋಟಿನೊಳಗೆ ಬೆವತೆ.
"ಸ್ಟೆರ್ಗಿಯೋಸನಿಗೆ ಮೂರು ಮಕ್ಕಳು,
ಅವರ ಬೂಟು ಬರುವುದು ಅದೇ ಬಕೆಟ್ಟಿನಿಂದ,"
ಲಾಜರೋಸ್ ಕಾಫಿ ಇಡುತ್ತ ಗೊಣಗಿದ.
ಅರ್ಧ ತಾಸು ಜಗಳ. ಕಾಫಿ ಆರಿತು.
ಆ ಜಗಳ ಇನ್ನೂ ಹಾಗೇ ಇದೆ.

ಮತ್ತೆ ಹೋದಾಗ ದೋಣಿ ಹತ್ತಲಿಲ್ಲ,
ಮುಳುಗಿದ ಮರಗಳ ಕಡೆ ಕೆಸರಲ್ಲಿ ಕೂತೆ.
ಮೂರು ಬೆಳಗು ನೀರುಕಾಗೆ, ಬರೀ ನೀರುಕಾಗೆ.
ನಾಲ್ಕನೆಯ ದಿನ, ಬಲು ದೂರ,
ಮಂಜಿನೊಳಗಿಂದ ಒಂದು ಹೆಜ್ಜಾರ್ಲೆ ಬಂದಿಳಿಯಿತು.
ಬೆನ್ನು ನನ್ನ ಕಡೆ. ಎದೆಯ ಗರಿ ತೀಡಿಕೊಂಡಿತು,
ಸ್ನಾನ ಮುಗಿಸಿದ ಹೆಂಗಸು
ಬಾಗಿಲು ಹಾಕಿದೆಯೆಂದು ನಂಬಿ ಕೂತ ಹಾಗೆ.
ಒಂದೇ ಸಲ ಒತ್ತಿದೆ, ಅದೂ ನಾಚುತ್ತ.

ಗುರುವಾರ. ಗೋಡೆಯಲ್ಲಿ ಮಂಜೇ ಮಂಜು,
ಉಗುರಿನಷ್ಟು ಹಕ್ಕಿ.
"ತುಸು ಮಸುಕು. ಬಲಕ್ಕೆ ಇನ್ನಷ್ಟು ಜಾಗ ಬೇಕಿತ್ತು,"
ಎವಾಂಥಿಯಾ. ಬರೆದುಕೊಂಡೆ.
ತಡವಾಗಿ ಬಂದವನು ಬಾಗಿಲಲ್ಲೇ ನಿಂತು
"ಹಕ್ಕಿಯೆಲ್ಲಿ?" ಅಂದ.
ಪಾಸ್ಖಾಲಿಸ್ ಬಹಳ ಹೊತ್ತು ನೋಡಿದ,
ತಲೆಯನ್ನು ಚೂರು ಬಲಕ್ಕೆ ವಾಲಿಸಿ, ಎಡಗಣ್ಣು ಕಿರಿದು ಮಾಡಿ.
"ದಿಗಂತ ನೆಟ್ಟಗಿದೆ," ಅಂದ, ಅಷ್ಟೇ.

ನನ್ನ ಸರದಿ ಬಂದಾಗ ಹೇಳಿದೆ:
"ನಾಳೆ ಅಂಗಡಿಗೆ ಬಾ.
ಆ ಎಡಗಣ್ಣಿನ ಗಾಜು, ನಾನೇ ಕೊಟ್ಟದ್ದು,
ಸರಿಯಿಲ್ಲ."