ಕಿರುಬೆರಳ ಸಾಕ್ಷಿ

ಚಿಂತಾಮಣಿ, ಚೇಳೂರು ರಸ್ತೆ, ತಗಡಿನ ಶೆಡ್ಡು.
ಒಳಗೆ ಹದಿನೇಳು ಜನ ಗಾರೆ ಕೆಲಸದವರು,
ಎದುರಿಗೆ ನಾನು, ಪರೀಕ್ಷಕಿ.
ಡಿಪ್ಲೊಮಾ ಮುಗಿಸಿ ಆರು ವರ್ಷ.
ನನ್ನ ಕೈಯಾರೆ ಕಟ್ಟಿದ ಗೋಡೆ, ನಿಜ ಹೇಳಬೇಕೆಂದರೆ,
ಒಂದೂವರೆ.

ಮೊದಲು ಹಾಜರಿ.
ಕದಿರಪ್ಪ ಹೆಬ್ಬೆಟ್ಟು ಒತ್ತಿದ. ಯಂತ್ರದಲ್ಲಿ ಕೆಂಪು ದೀಪ.
ತೋರುಬೆರಳು. ಕೆಂಪು.
ಶಬ್ರೀನ್ ಒದ್ದೆ ಬಟ್ಟೆ ತಂದಳು, ವ್ಯಾಸಲೀನು ಸವರಿದಳು,
ತನ್ನ ಊಟದ ಡಬ್ಬಿಯ ನಿಂಬೆಹೋಳು ತೆಗೆದು ತಿಕ್ಕಿದಳು.
‘ಮತ್ತೆ ಪ್ರಯತ್ನಿಸಿ’ ಎಂದಿತು ಅದು,
ದಣಿಯದ ದನಿಯಲ್ಲಿ.

‘ವೇಲು ಅರಿಗಿಪೋಯಿಂದಮ್ಮಾ’ ಅಂದ,
ತಪ್ಪು ತನ್ನದೇ ಎಂಬಂತೆ.
ಹೌದು, ಸವೆದಿತ್ತು.
ಸುಣ್ಣ ತಿಂದು, ಸಿಮೆಂಟು ನೆಕ್ಕಿ
ಮೂವತ್ತೊಂದು ವರ್ಷದ ಕಸುಬು
ತನ್ನ ಗುರುತಿನ ಮೇಲೆ ತಾನೇ
ನುಣ್ಣಗೆ ಸಾರಣೆ ಎಳೆದುಬಿಟ್ಟಿತ್ತು.

ಕೊನೆಗೆ ಒಪ್ಪಿದ್ದು ಎಡಗೈ ಕಿರುಬೆರಳು.
ಕರಣೆ ಮುಟ್ಟದೆ ಉಳಿದ ಸೋಮಾರಿ ಅದೊಂದೇ;
ಅದೇ ಬಂದು ಸಾಕ್ಷಿ ಹೇಳಿತು.

ಅರ್ಜಿಯ ಹನ್ನೊಂದನೇ ಕಲಂ: ತರಬೇತಿ ಪಡೆದ ಸಂಸ್ಥೆ.
‘ನಮ್ಮ ಚಿಕ್ಕಪ್ಪ’ ಅಂದ. ‘ಬಹಳ ಬೈತಿದ್ದ.’
ಹನ್ನೆರಡು: ವಿದೇಶದ ಅನುಭವ.
ಅಲ್ಲಿ ಸುಮ್ಮನಾದ.
ಆಮೇಲೆ, ಗೋಡೆ ಕಡೆ ನೋಡಿಕೊಂಡು:

‘ಮಸ್ಕತ್ತು. ಕದಿರಿ ಬಸ್‌ಸ್ಟ್ಯಾಂಡಿನ ಹತ್ರ ಒಬ್ಬ ಏಜೆಂಟು,
ಹೆಂಡತಿ ಓಲೆ ಮಾರಿ ಕೊಟ್ಟ ಎಂಬತ್ತು ಸಾವಿರ, ರಸೀದಿ ಇಲ್ಲ.
ನೋಡಿ ಬರೋರ ವೀಸಾ ಅಂತೆ ಅದು. ನೋಡಿದೆ.
ಮೂರು ಬಂಗಲೆಗೆ ಕಮಾನು ಎತ್ತಿದೆ,
ಮರಳು ಹೊರೋನ ಕೂಲಿ ಕೊಟ್ರು.
ಕೇಳಿದ್ರೆ ಕಾಗದ ತೋರಿಸೋರು. ಕಾಗದದಲ್ಲಿ ನಾನು ಹೆಲ್ಪರು.
ಪಾಸ್‌ಪೋರ್ಟು ಅವನ ಬೀರುವಿನಲ್ಲಿ, ಬೀಗದ ಕೈ ಅವನ ಸೊಂಟದಲ್ಲಿ.
ಪೊಲೀಸು ಬಂದ ದಿನ ನೀರಿನ ಖಾಲಿ ಟ್ಯಾಂಕಿನೊಳಗೆ ಕೂರಿಸಿದ್ರು.
ಕತ್ತಲು. ಹೊತ್ತು ಹೋಗಬೇಕಲ್ಲ,
ಸಾರಣೆ ಎಲ್ಲೆಲ್ಲಿ ಕೆಟ್ಟಿದೆ ಅಂತ ಬೆರಳಾಡಿಸಿ ನೋಡ್ತಾ ಇದ್ದೆ.
ಮೂರು ಕಡೆ ಕೆಟ್ಟಿತ್ತು.’

ಇಷ್ಟಕ್ಕೆ ಆ ಕಲಮಿನಲ್ಲಿ ಜಾಗ ಇರಲಿಲ್ಲ.
‘ಎರಡು ವರ್ಷ’ ಎಂದು ಬರೆದೆ.

ನಾಲ್ಕಡಿ ಉದ್ದ, ಮೂರಡಿ ಎತ್ತರ, ಒಂದು ಮೂಲೆ,
ಬರೀ ಮಣ್ಣಿನ ಗಾರೆ, ಸಂಜೆ ಕೆಡವುವುದಕ್ಕೆ.
ಎರಡು ಗಂಟೆ ಕೊಟ್ಟಿದ್ದೆ.
ಮುಕ್ಕಾಲು ಗಂಟೆ ಉಳಿಸಿ ಬೀಡಿ ಹುಡುಕಿದ.
ರಸಮಟ್ಟ ಇಟ್ಟೆ: ಗುಳ್ಳೆ ನಡುವೆ ನಿಂತು ಕದಲಲಿಲ್ಲ.
ಗುಂಡು ಇಳಿಬಿಟ್ಟೆ: ನೂಲೂ ಗೋಡೆಯೂ
ಒಂದೇ ಮಾತಾಡಿಕೊಂಡು ಇಳಿದವು.
ಅಂಕ ಹಾಕುವಾಗ ಪಕ್ಕಕ್ಕೆ ಬಂದು, ಮೆಲ್ಲಗೆ,
‘ಮೇಡಮ್ಮಾ, ನಿಮ್ಮ ಮೇಜು ವಾಲಿದೆ’ ಅಂದ.
ಬಗ್ಗಿ, ಕಾಲಿನಡಿ ಒಂದು ಹೆಂಚಿನ ಚೂರು ಸಿಕ್ಕಿಸಿದ.

ಊಟದ ಮೇಲೆ ಪಾಠ: ಕರಾರು ಪತ್ರ ಓದುವುದು,
ಏಜೆಂಟಿನ ನೋಂದಣಿ ನಂಬರು ತಾಳೆ ನೋಡುವುದು,
ವಿಮೆ, ರಾಯಭಾರ ಕಚೇರಿ, ಜೆರಾಕ್ಸು ಮನೆಯಲ್ಲೊಂದು.
ಹಿಂದಿನ ಸಾಲಿನ ಹುಡುಗರು ಫೋನಿನೊಳಗೆ.
ಕೈವಾರದ ಅಮರ ಮಾತ್ರ ತಲೆಯೆತ್ತಿ,
‘ಮೊದಲು ಏನು ನೋಡಬೇಕು ಮೇಡಂ?’ ಎಂದ.
ಸಂಬಳ ಎನ್ನಲು ನಾನು ಬಾಯಿ ತೆರೆದಿದ್ದೆ.
‘ನಿನ್ನ ಕೆಲಸಕ್ಕೆ ಏನಂತ ಹೆಸರಿಟ್ಟವ್ರೆ, ಅದನ್ನ ನೋಡು’
ಅಂದ ಕದಿರಪ್ಪ, ಉಗುರಿನ ಮಣ್ಣು ಕೀಳುತ್ತ.
ಫೋನುಗಳು ಒಂದೊಂದಾಗಿ ಕೆಳಗಿಳಿದವು.

ಅವನ ಸರ್ಟಿಫಿಕೇಟು ಬರಲು ಇನ್ನು ಮೂರು ವಾರ.
ಅದರಲ್ಲಿ ಮೇಸ್ತ್ರಿ ಎಂದಿರುತ್ತದೆ, ಹೆಸರಿನ ಕೆಳಗೆ.
ಅಷ್ಟರಿಂದ ಬೀರುವಿನ ಬಾಗಿಲು ತೆರೆದೀತೇ, ಗೊತ್ತಿಲ್ಲ.
ಈ ಸಲ ರಸೀದಿಯಾದರೂ ಇರುತ್ತದೆ.

ನಾಲ್ಕು ಗಂಟೆಗೆ ಹುಡುಗ ಹಾರೆ ತಂದ.
ಹದಿನಾರು ಗೋಡೆ ಬಿದ್ದವು, ಧೂಳೆದ್ದಿತು.
‘ಇದನ್ನೂನಾ?’
ನಾಳಿನ ತಂಡಕ್ಕೆ ಇಟ್ಟಿಗೆ ಬೇಕು. ನಿಯಮ.
‘ಟೀ ಕುಡಿದು ಬಾ ಹೋಗು’ ಎಂದೆ.