ಮೂವತ್ತು

ಊದ್ರಿ ಅಂತೀನಿ.
ಈ ಒಂದು ಮಾತಿಗೇ ಸರ್ಕಾರ ನನಗ ಪಗಾರ ಕೊಡ್ತದ
ಅನಸ್ತದ, ಶನಿವಾರ ರಾತ್ರಿ,
ಯಾದಗಿರಿಗೆ ಬರೋ ದಾರ್ಯಾಗ, ಭೀಮಾ ಸೇತುವೆಯ ಈ ಕಡೆ
ಎರಡು ಬ್ಯಾರಿಕೇಡು ಎಳದು ನಿಂತಾಗ.

ಮೆಶಿನ್ನು ಅಂಗೈಯಷ್ಟದ.
ನಳಿಗಿ ಒಬ್ಬರಿಗೊಂದು,
ಚೀಲ ಅವರ ಕಣ್ಮುಂದೇ ಹರೀಬೇಕು,
ಇಲ್ಲಂದ್ರ ನಾಳೆ ವಕೀಲರು ಕೇಳ್ತಾರ.
ಊದ್ರಿ. ಇನ್ನಾ ಊದ್ರಿ. ಇನ್ನಾ. ಸಾಕು.

ಕೆಲವರು ಗಲ್ಲ ಉಬ್ಬಿಸಿ ಉಸಿರು ಒಳಗೇ ಎಳಕೋತಾರ,
ಕೆಲವರು ಲವಂಗ ಕಡದು ಬರ್ತಾರ, ಪೇರಲ ಎಲಿ, ಹಸಿ ಉಳ್ಳಾಗಡ್ಡಿ.
ಒಬ್ಬಾಂವ ಅರ್ಧ ಟ್ಯೂಬು ಟೂತ್‌ಪೇಸ್ಟು ತಿಂದು ಬಂದಿದ್ದ.
ಮೆಶಿನ್ನಿಗೆ ಮೂಗಿಲ್ಲ ಅಂತ ಇವರಿಗ್ಯಾರು ಹೇಳಬೇಕು.
ಶಿಂದಿಯೋ ವಿಸ್ಕಿಯೋ ಅದು ಕೇಳಂಗಿಲ್ಲ,
ಸತ್ತ ಮನಿಯದೋ ಕುಬಸದ ಮನಿಯದೋ.
ನೂರು ಮಿಲಿ ರಕ್ತದಾಗ ಮೂವತ್ತು ಮಿಲಿಗ್ರಾಂ.
ಮೂವತ್ತರ ತನಕ ಮನುಷ್ಯಾ.
ಮೂವತ್ತೊಂದಕ್ಕ ಕೇಸು.

ಸಣ್ಣಾಕಿದ್ದಾಗ ಜ್ವರ ಬಂದ್ರ ನಮ್ಮವ್ವ ದರ್ಗಾಕ್ಕ ಒಯ್ತಿದ್ಲು,
ಮುಜಾವರ ಮುತ್ಯಾ ನೀರಿನ ಮ್ಯಾಲ ಊದಿ ಕೊಡ್ತಿದ್ದ.
ಆ ಉಸಿರಿನ್ಯಾಗ ಎಷ್ಟಿತ್ತೋ ಯಾರೂ ಅಳೀಲಿಲ್ಲ.
ಜ್ವರ ಬಿಡ್ತಿತ್ತು, ಒಮ್ಮೊಮ್ಮೆ.

ಹೋದ ಶನಿವಾರ ಹನ್ನೊಂದೂ ಹತ್ತಕ್ಕ
ಒಂದು ಹಳೇ ಬೈಕು, ಹೆಡ್‌ಲೈಟು ಒಂದೀಟು ಎಡಕ ನೋಡ್ತಿತ್ತು.
ಟಾರ್ಚು ಹಿಡದೆ.
ಅಯ್ಯಾಳಪ್ಪ ಮಾಸ್ತರು.
ಆರನೇ ಕ್ಲಾಸಿನ್ಯಾಗ ಶೇಕಡಾ ಕಲಿಸಿದವರು,
ನೂರು ಹುಣಸಿ ಬೀಜ ನನ್ನ ಉಡಿಯಾಗ ಹಾಕಿ
ಮೂವತ್ತು ತಗಿ ಅಂದವರು.

ಊದ್ರಿ ಅನ್ನಲಿಲ್ಲ ನಾನು. ಸರ್ ಅಂದೆ.
ಹಿಂದ ಲಾರಿ ಹಾರ್ನು ಹೊಡೀತು.
ಜೀಪಿನಿಂದ ಸಾಹೇಬರು ಅಂದ್ರು: ಮಾಸ್ತರಾ? ಬಿಡು ಬೇಕಾದ್ರ.
ಬಿಡಬಹುದಿತ್ತು.
ಹೋದ ತಿಂಗಳು ಇದೇ ಕಟ್ಟೆಗೆ
ಹತ್ತಿ ಬಿಡಿಸಿ ಬರೋ ಹೆಣ್ಮಕ್ಕಳ ಟಂಟಂ ಒತ್ತಿ ನಿಲ್ಲಿಸಿದ್ದ ಒಬ್ಬ.
ಬುತ್ತಿಗಂಟು ಎಣಿಸಿದಾಕಿ ನಾನೇ. ಹನ್ನೊಂದು.
ಎದ್ದು ನಿಂತವರು ಎಂಟು.

ಅವರು ನನ್ನ ಎದಿ ಮ್ಯಾಲಿನ ಹೆಸರು ಓದಿದ್ರು,
ಅಕ್ಷರ ಕೂಡಿಸೋ ಹುಡುಗನಂಗ,
ಸಾ, ಬ, ಮ್ಮ.
ಆಮ್ಯಾಲ ತಾವೇ ನಳಿಗಿ ಇಸಕೊಂಡು ಊದಿದ್ರು,
ಉದ್ದಕ, ಪೂರಾ, ಒಂದೇ ಉಸಿರು.
ಆ ರಾತ್ರಿ ಅಷ್ಟು ಖರೇ ಉಸಿರು ಇನ್ನೊಂದು ಬರಲಿಲ್ಲ.

ನೂರಾ ಹನ್ನೆರಡು.

ಎಷ್ಟು ಪಟ್ಟು ಆಯ್ತು? ಅಂದ್ರು.
ಮೂರೂವರಿ ಮ್ಯಾಲ ಸರ್.
ಸರಿಯಾಗಿ ಹೇಳು.
ಮೂರು ಪಾಯಿಂಟ್ ಏಳು ಮೂರು.
ಅದರ ಮುಂದೂ ಮೂರ, ಅಂದ್ರು, ಅದರ ಮುಂದೂ ಮೂರ.
ಅದು ಮುಗಿಯಂಗಿಲ್ಲ ನೋಡು.

ಮತ್ತ ನಾನು ಮಗ್ಗಿ ಒಪ್ಪಿಸಿದಂಗ ಒಪ್ಪಿಸಿದೆ:
ಮೊದಲನೇ ಸಲಕ್ಕ ಆರು ತಿಂಗಳ ತನಕ ಜೈಲು,
ಇಲ್ಲಾ ಹತ್ತು ಸಾವಿರ ತನಕ ದಂಡ, ಇಲ್ಲಾ ಎರಡೂ.
ಎರಡನೇ ಸಲಕ್ಕ ಎರಡು ವರ್ಷ, ಹದಿನೈದು ಸಾವಿರ.
ತಪ್ಪಿಲ್ಲದಂಗ ಹೇಳಿದೆ.
ಅವರು ತಲಿ ಹಾಕಿದ್ರು, ಹಳೇ ರೂಢಿ.
ಯಾಕ ಕುಡದ್ರಿ ಅನ್ನೋ ಕಾಲಮ್ಮು ಆ ಹಾಳ್ಯಾಗ ಇಲ್ಲ.
ಕೀಲಿ ನನ್ನ ಕೈಯಾಗಿಟ್ಟು
ಸೇತುವೆ ಮ್ಯಾಲ ನಡಕೋತ ಹೋದ್ರು,
ನೆಟ್ಟಗಲ್ಲ.

ಗುರುವಾರ ಕೋರ್ಟು.
ನೋಟು ಎರಡೆರಡು ಸಲ ಎಣಿಸಿ ಕಟ್ಟಿದ್ರು.
ರಶೀದಿ ನೋಡಿ, ಚಸ್ಮಾ ಮ್ಯಾಲೆತ್ತಿ,
ಕ್ಲಾರ್ಕಿನ ಮುಂದ ಮತ್ತ ಇಟ್ಟು,
ಒಂದು ಸೊನ್ನಿ ಬಿಟ್ಟೀದಿ ತಮ್ಮಾ, ಅಂದ್ರು,
ಹಾಕು.